ಆರ್‌ವಿ ವಾಸದ ವರ್ಷದ ಲೆಕ್ಕಕ್ಕೆ ಗೂಗಲ್ ಶೀಟ್ಸ್: ಬಳಸಿ ನೋಡಿದವನ ಅಭಿಪ್ರಾಯ

ಮನೆಯನ್ನು ಬಾಡಿಗೆಗೆ ಕೊಟ್ಟು, 29 ಅಡಿ ಉದ್ದದ ಕ್ಲಾಸ್ ಸಿ ಮೋಟರ್‌ಹೋಮನ್ನೇ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಆರ್‌ವಿ ಎಂಬ ಸಂಚಾರಿ ವಾಹನವನ್ನೇ, ಮನೆ ಮಾಡಿಕೊಂಡು ಅಮೆರಿಕದ ರಸ್ತೆಗಳಲ್ಲಿ ವರ್ಷಪೂರ್ತಿ ಬದುಕತೊಡಗಿದ ಮೇಲೆ ನಮ್ಮನ್ನು ಕಂಡವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ?" ನಾನು ಬಾಯಿಗೆ ಬಂದ ಅಂಕಿಯೊಂದನ್ನು ಹೇಳಿಬಿಡುತ್ತಿದ್ದೆ. ಮನಸ್ಸಿಗೆ ಅದು ಸರಿಯೆನ್ನಿಸದ ಕಾರಣ 2022ರಲ್ಲಿ ಚಂದಾ ಕಟ್ಟಿ ಬಳಸುವ ಖರ್ಚುವೆಚ್ಚದ ಆ್ಯಪ್ ಒಂದನ್ನು ಹಾಕಿಕೊಂಡೆ, ಅದರ ಸಹವಾಸ ಸಾಕಾಗಿ 2023ರ ಜನವರಿಯಿಂದ ಗೂಗಲ್ ಶೀಟ್ಸ್‌ಗೆ ಬಂದೆ, ಇಂದಿಗೂ ಅದರಲ್ಲೇ ಇದ್ದೇನೆ. ಆರ್‌ವಿಯಲ್ಲಿ ವಾಸಿಸುವವರ ಪ್ರಯಾಣ ಮತ್ತು ಕ್ಯಾಂಪ್‌ಗ್ರೌಂಡ್ ಖರ್ಚಿನ ಲೆಕ್ಕಕ್ಕೆ ಅದು ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲಿಗೆ ಆ ಆ್ಯಪ್ ಏಕೆ ಸಾಲಲಿಲ್ಲ ಎಂಬುದನ್ನು ಹೇಳಬೇಕು. ಅದರ ಹೆಸರು ಇಲ್ಲಿ ಬೇಡ. ಅದು ಕೆಟ್ಟ ಆ್ಯಪ್ ಆಗಿರಲಿಲ್ಲ. ಪ್ರತಿ ಖರ್ಚನ್ನೂ ದಿನಾಂಕ, ಬಾಬ್ತು, ಮೊತ್ತ ಎಂಬ ಮೂರು ಮನೆಗಳಲ್ಲಿ ಅಚ್ಚುಕಟ್ಟಾಗಿ ಕೂರಿಸಿ, ತಿಂಗಳ ಕೊನೆಗೆ ಬಣ್ಣದ ಚಕ್ರವೊಂದನ್ನು ತೋರಿಸುತ್ತಿತ್ತು. ಆದರೆ ಆರ್‌ವಿ ವಾಸದಲ್ಲಿ ದುಡ್ಡು ಕೈಬಿಡುವ ದಿನಕ್ಕೂ ಆ ದುಡ್ಡಿನಿಂದ ರಾತ್ರಿ ಕಳೆಯುವ ದಿನಕ್ಕೂ ಸಂಬಂಧವೇ ಇರುವುದಿಲ್ಲ. ರೆಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಸಾರ್ವಜನಿಕ ಕ್ಯಾಂಪ್‌ಗ್ರೌಂಡುಗಳ ಬಹುಪಾಲು ಜಾಗಗಳನ್ನು 6 ತಿಂಗಳು ಮುಂಚಿತವಾಗಿಯೇ ಕಾದಿರಿಸಬಹುದಾದ್ದರಿಂದ, ಬರುವ ಜೂನ್ ತಿಂಗಳ ರಾತ್ರಿಗಳಿಗೆ ಹಣ ಕಟ್ಟುವುದು ಹಿಂದಿನ ಡಿಸೆಂಬರಿನಲ್ಲಿ. ದಿನಾಂಕದ ಪ್ರಕಾರ ಕೂಡುವ ಆ್ಯಪ್ ಅದನ್ನು ಹಿಂದಿನ ವರ್ಷಕ್ಕೆ ತಳ್ಳುತ್ತದೆ. ವರ್ಷಕ್ಕೊಮ್ಮೆ ಕಟ್ಟುವ ವಿಮೆ, ಸದಸ್ಯತ್ವ, ಋತುವಿಗೊಮ್ಮೆ ಕೊಳ್ಳುವ ಪರವಾನಗಿ ಇವೆಲ್ಲ ಒಂದು ತಿಂಗಳನ್ನು ದುಬಾರಿಯಾಗಿಯೂ ಉಳಿದ 11 ತಿಂಗಳುಗಳನ್ನು ಅಗ್ಗವಾಗಿಯೂ ತೋರಿಸುತ್ತವೆ. ಚಕ್ರದ ಬಣ್ಣಗಳು ನಿಜವನ್ನೇ ಹೇಳುತ್ತಿದ್ದವು, ಆದರೆ ನಾನು ಕೇಳಿದ ಪ್ರಶ್ನೆಗಲ್ಲ. ಚಂದಾ ಮುಗಿದ ಮೇಲೆ ನನ್ನದೇ ಅಂಕಿಗಳನ್ನು ಹೊರಗೆ ತೆಗೆದುಕೊಳ್ಳಲು ಮತ್ತೆ ಒಂದು ತಿಂಗಳ ಹಣ ಕಟ್ಟಬೇಕಾಯಿತು ಎಂಬುದು ಬೇರೆ ಮಾತು.

ಗೂಗಲ್ ಶೀಟ್ಸ್‌ನಲ್ಲಿ ಆರ್‌ವಿಗೆಂದು ಸಿದ್ಧಪಡಿಸಿದ ಯಾವುದೂ ಇಲ್ಲ. ಅದು ಬರಿಯ ಚೌಕಳಿ ಹಾಳೆ. ಕೊಟ್ಟ ಆಕಾರವನ್ನು ತಾಳುತ್ತದೆ. ಆದ್ದರಿಂದ ಅದನ್ನು ಹೊಗಳುವ ಮೊದಲು ನಾನು ಅದಕ್ಕೆ ಕೊಟ್ಟ ಆಕಾರವನ್ನು ವಿವರಿಸಬೇಕು, ಏಕೆಂದರೆ ಎಲ್ಲ ಪ್ರಯೋಜನವೂ ಅಲ್ಲಿದೆ. ಸಾಮಾನ್ಯ ಜಮಾಖರ್ಚಿನ ಪುಸ್ತಕದಲ್ಲಿ ಒಂದು ರಸೀದಿಗೆ ಒಂದು ಸಾಲು. ನನ್ನ ಹಾಳೆಯಲ್ಲಿ ಒಂದು ತಂಗುವಿಕೆಗೆ ಒಂದು ಸಾಲು. ಜಾಗದ ಹೆಸರು, ಬಂದ ದಿನ, ಹೊರಟ ದಿನ, ರಾತ್ರಿಗಳ ಸಂಖ್ಯೆ, ಪಟ್ಟಿಯ ದರ, ವಾಸ್ತವವಾಗಿ ಕೊಟ್ಟ ಹಣ, ಕಾದಿರಿಸುವ ಶುಲ್ಕ, ಮೀಟರಿನ ವಿದ್ಯುತ್ತು, ಹಿಂದಿನ ಜಾಗದಿಂದ ಇಲ್ಲಿಗೆ ಓಡಿಸಿದ ಮೈಲಿ, ಅದಕ್ಕೆ ಸುಟ್ಟ ಪೆಟ್ರೋಲು ಇವೇ ಮೊದಲಾದವು ಅದರ ಕಂಬಗಳು (ಕಾಲಮ್‌ಗಳು). ಕೊನೆಯ ಕಂಬವೇ ಮುಖ್ಯವಾದದ್ದು: ಎಲ್ಲವನ್ನೂ ಕೂಡಿ ರಾತ್ರಿಗಳಿಂದ ಭಾಗಿಸಿದರೆ ಬರುವ "ರಾತ್ರಿಗಿಷ್ಟು" ಎಂಬ ಅಂಕಿ.

ಈ ಒಂದು ಕಂಬ ನಮ್ಮ ಅಲೆದಾಟದ ರೀತಿಯನ್ನೇ ಬದಲಿಸಿತು. ಸಾರ್ವಜನಿಕ ಭೂಮಿಯನ್ನು ನೋಡಿಕೊಳ್ಳುವ ಬಿಎಲ್ಎಮ್ ಇಲಾಖೆಯ ಜಮೀನಿನಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಬಿಟ್ಟಿಯಾಗಿ ತಂಗಬಹುದು. ಬಿಟ್ಟಿ ಎಂದರೆ ಯಾರಿಗೆ ಆಸೆಯಿಲ್ಲ? 2022ರಲ್ಲಿ ಇಂಥ ಜಾಗಗಳ ಬೆನ್ನು ಹತ್ತಿ ಊರೂರು ಸುತ್ತಿದೆವು. ನಮ್ಮ ವಾಹನ ಒಂದು ಗ್ಯಾಲನ್ನಿಗೆ 8 ಮೈಲಿಗಿಂತ ಹೆಚ್ಚು ಓಡುವುದಿಲ್ಲ. ದಾರಿ ಬಿಟ್ಟು 160 ಮೈಲಿ ಹೋಗಿ ಬಿಟ್ಟಿ ಜಾಗವೊಂದರಲ್ಲಿ 2 ರಾತ್ರಿ ಕಳೆದರೆ, ಗ್ಯಾಲನ್ನಿಗೆ 3.50 ಡಾಲರಿನಂತೆ 20 ಗ್ಯಾಲನ್ನಿಗೆ 70 ಡಾಲರ್, ಅಂದರೆ ರಾತ್ರಿಗೆ 35 ಡಾಲರ್. ಅದೇ ಜಾಗದಲ್ಲಿ ಪೂರ್ತಿ 14 ರಾತ್ರಿ ಇದ್ದರೆ ರಾತ್ರಿಗೆ 5 ಡಾಲರ್. ಇದು ಯಾರಿಗೂ ತಿಳಿಯದ ಗಣಿತವಲ್ಲ. ಆದರೆ ಪೆಟ್ರೋಲಿನ ಖರ್ಚು ಒಂದು ಬಾಬ್ತಿನಲ್ಲಿ, ಕ್ಯಾಂಪಿನ ಖರ್ಚು ಇನ್ನೊಂದು ಬಾಬ್ತಿನಲ್ಲಿ ಬೇರೆ ಬೇರೆಯಾಗಿ ಕುಳಿತಿರುವವರೆಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಎರಡನ್ನೂ ಒಂದೇ ಸಾಲಿಗೆ ತಂದು ಕೂರಿಸಿದ ದಿನ, ಹಳೆಯ ಆ್ಯಪ್‌ನ ಅಂಕಿಗಳಿಂದ ಆ ಪ್ರವಾಸವನ್ನು ಮತ್ತೆ ಕಟ್ಟಿ ನೋಡಿ, ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಹೆಂಡತಿ ಪರದೆಯನ್ನು ಇಣುಕಿ ನೋಡಿ, "ರೀ, ಇದಕ್ಕಿಂತ ಕೊಳಾಯಿ ನೀರು, ಕರೆಂಟು ಇರುವ ಜಾಗವೇ ಅಗ್ಗವಾಗುತ್ತಿತ್ತಲ್ಲ" ಎಂದಳು. ಅವಳು ಅದನ್ನು ಇಡೀ ವರ್ಷ ಹೇಳುತ್ತಲೇ ಇದ್ದಳು ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಫಲಿತಾಂಶವನ್ನು ಅಂಕಿಗಳಲ್ಲೇ ಹೇಳುತ್ತೇನೆ. 2022ರಲ್ಲಿ ನಾವು 11,200 ಮೈಲಿ ಓಡಿ 1,400 ಗ್ಯಾಲನ್ ಸುಟ್ಟೆವು. ಆ ವರ್ಷ ನಮಗೆ ಬಿದ್ದ ಸರಾಸರಿ ದರ ಸುಮಾರು 4 ಡಾಲರ್, ಒಟ್ಟು 5,600 ಡಾಲರ್. 2023ರಲ್ಲಿ 6,400 ಮೈಲಿ, 800 ಗ್ಯಾಲನ್, ಸುಮಾರು 2,800 ಡಾಲರ್. ದರ ಇಳಿದದ್ದೂ ಒದಗಿಬಂತು, ಆದರೆ ಗ್ಯಾಲನ್ ಲೆಕ್ಕವನ್ನೇ ನೋಡಿದರೆ ಉಳಿತಾಯದ ಹೆಚ್ಚಿನ ಭಾಗ ನಿಧಾನದಿಂದಲೇ ಬಂದದ್ದು. ಒಂದೆಡೆ ಹೆಚ್ಚು ದಿನ ನಿಂತರೆ ಪೆಟ್ರೋಲು ಮಾತ್ರವಲ್ಲ, ಕ್ಯಾಂಪ್‌ಗ್ರೌಂಡಿನ ದರವೂ ಇಳಿಯುತ್ತದೆ. ಪೆಟ್ರೋಲು ಬಿಟ್ಟು ತಂಗುವ ಖರ್ಚೊಂದನ್ನೇ ತೆಗೆದುಕೊಂಡರೆ ರಾತ್ರಿಗೆ 24 ಡಾಲರ್ ಇದ್ದದ್ದು 14ರ ಆಸುಪಾಸಿಗೆ ಬಂತು.

ತಿಂಗಳ ದರದ ವಿಷಯದಲ್ಲಿ ಹಾಳೆ ಹೆಚ್ಚು ನೆರವಾಗುತ್ತದೆ, ಏಕೆಂದರೆ ಅಲ್ಲಿನ ದರಗಳು ಒಂದಕ್ಕೊಂದು ಹೋಲಿಸಲಾಗದಂತೆ ಹೆಣೆದುಕೊಂಡಿರುತ್ತವೆ. ನಾವು ತಂಗಿದ್ದ ಖಾಸಗಿ ಆರ್‌ವಿ ಪಾರ್ಕೊಂದರಲ್ಲಿ ರಾತ್ರಿಗೆ 45, ವಾರಕ್ಕೆ 250, ತಿಂಗಳಿಗೆ 600 ಡಾಲರ್. ರಾತ್ರಿಯ ಮತ್ತು ವಾರದ ದರದಲ್ಲಿ ವಿದ್ಯುತ್ತು ಸೇರಿತ್ತು, ತಿಂಗಳ ದರದಲ್ಲಿ ಸೇರಿರಲಿಲ್ಲ. ಬಂದ ದಿನ ವಿದ್ಯುತ್ ಕಂಬದ ಮೇಲಿನ ಮೀಟರನ್ನು ಓದಿ ಬರೆದುಕೊಳ್ಳಬೇಕು, ಹೊರಡುವ ದಿನ ಮತ್ತೆ ಓದಬೇಕು. ನಮ್ಮದು 412 ಯೂನಿಟ್ ಬಂತು. ಯೂನಿಟ್ಟಿಗೆ 15 ಸೆಂಟಿನಂತೆ 61.80 ಡಾಲರ್. 30 ರಾತ್ರಿಗೆ ಒಟ್ಟು 661.80, ರಾತ್ರಿಗೆ 22.06. ಮೀಟರಿನ ಅಂಕಿಯನ್ನು ಫೋನಿನಲ್ಲಿ ಚಿತ್ರ ತೆಗೆದು ಸಾಲಿಗೆ ಅದರ ಕೊಂಡಿಯನ್ನು ಅಂಟಿಸುವ ಅಭ್ಯಾಸ ನನಗೆ ಅಲ್ಲಿಯೇ ಬಂತು. ಕಚೇರಿಯವರು ಆರಂಭದ ಅಂಕಿಯಲ್ಲಿ ಒಂದು ಸ್ಥಾನವನ್ನು ತಪ್ಪಾಗಿ ಬರೆದುಕೊಂಡಿದ್ದರು, ಚಿತ್ರ ತೋರಿಸಿದ ಕೂಡಲೇ ತಿದ್ದಿದರು. ತಿಂಗಳ ದರ ಎಷ್ಟನೆಯ ರಾತ್ರಿಯಿಂದ ಲಾಭ ಎಂದು ತಿಳಿಯಲು ಮೂರು ದರಗಳನ್ನೂ ಒಂದೊಂದು ಕೋಶದಲ್ಲಿಟ್ಟು ರಾತ್ರಿಗಳ ಸಂಖ್ಯೆಯನ್ನು ಬದಲಿಸುತ್ತ ಹೋದರಾಯಿತು. ವಿದ್ಯುತ್ತನ್ನು ಬದಿಗಿಟ್ಟರೆ, ರಾತ್ರಿಯ ದರಕ್ಕೆ ಹೋಲಿಸಿದಾಗ 14ನೆಯ ರಾತ್ರಿಯಿಂದಲೇ ತಿಂಗಳ ದರ ಗೆಲ್ಲುತ್ತದೆ. ವಾರದ ದರವನ್ನೂ ಲೆಕ್ಕಕ್ಕೆ ಹಿಡಿದರೆ ಗೆಲ್ಲುವುದು 17ನೆಯ ರಾತ್ರಿಯಿಂದ.

ಋತುವಿನ ಪರವಾನಗಿಯ ಲೆಕ್ಕ ಇನ್ನಷ್ಟು ಸೂಕ್ಷ್ಮವಾದದ್ದು. ಅರಿಜೋನಾದ ಕ್ವಾರ್ಟ್ಸೈಟ್ ಪಕ್ಕದ ಲಾ ಪೋಸಾದಲ್ಲಿ ಬಿಎಲ್ಎಮ್ ಇಲಾಖೆಯ ದೀರ್ಘಾವಧಿ ವಾಸದ ಬಯಲಿದೆ. ಅಲ್ಲಿಯ ಋತು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ. ನಾವು ಕೊಂಡಾಗ ಇಡೀ ಋತುವಿಗೆ 180 ಡಾಲರ್, 14 ದಿನಕ್ಕಾದರೆ 40 ಡಾಲರ್ ಇತ್ತು. 2023ರ ನವೆಂಬರ್ 14ರಂದು ಪರವಾನಗಿ ಕೊಂಡು ವರ್ಷದ ಕೊನೆಯವರೆಗೆ 48 ರಾತ್ರಿ, ಮುಂದಿನ ವರ್ಷಕ್ಕೆ ದಾಟಿ, ಅಧಿಕ ವರ್ಷದ ಫೆಬ್ರವರಿಯ 29 ದಿನಗಳನ್ನೂ ಸೇರಿಸಿ 62 ರಾತ್ರಿ, ಒಟ್ಟು 110 ರಾತ್ರಿ ಅಲ್ಲಿದ್ದೆವು. ಹಣವನ್ನೆಲ್ಲ 2023ರ ಖಾತೆಗೆ ಬರೆದರೆ ರಾತ್ರಿಗೆ 3.75, ರಾತ್ರಿಗಳ ಪ್ರಕಾರ ಎರಡು ವರ್ಷಗಳಿಗೆ ಹಂಚಿದರೆ 1.64. ಮೊತ್ತ ಚಿಕ್ಕದು, ತತ್ತ್ವ ಚಿಕ್ಕದಲ್ಲ. ಇದೇ ರೀತಿ ಹಂಚಬೇಕಾದ ವಿಮೆಯ ಕಂತು ಚಿಕ್ಕದಲ್ಲ. ಶೀಟ್ಸ್‌ನಲ್ಲಿ ಇದಕ್ಕೆಂದೇ ಬೇರೊಂದು ಪುಟ ಮಾಡಿ, ಪ್ರತಿ ಮುಂಗಡ ಪಾವತಿಗೂ ಆರಂಭದ ದಿನ, ಮುಗಿಯುವ ದಿನ ಕೊಟ್ಟು, ಆಯಾ ವರ್ಷಕ್ಕೆ ಬೀಳುವ ಪಾಲನ್ನು ಸೂತ್ರವೇ ಎತ್ತಿಕೊಳ್ಳುವಂತೆ ಮಾಡಿದ್ದೇನೆ. ಟೈರುಗಳನ್ನೂ ಆ ಪುಟದಲ್ಲೇ ಇಟ್ಟಿದ್ದೇನೆ. ಆರ್‌ವಿ ಟೈರುಗಳು ಸವೆಯುವ ಮೊದಲೇ ಮುದಿಯಾಗುತ್ತವೆ. ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳ ಗುರುತಿನಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದ ಟೈರು. ಆರು ಟೈರುಗಳಿಗೆ 1,500 ಡಾಲರ್, ಆರು ವರ್ಷದ ಆಯುಷ್ಯ ಎಂದು ಹಿಡಿದರೆ ರಾತ್ರಿಗೆ 68 ಸೆಂಟು. ಹೀಗೆ ಮೊದಲೇ ಬರೆದಿಟ್ಟುಕೊಳ್ಳದವರಿಗೆ ಟೈರಿನ ಬಿಲ್ಲು ಸಿಡಿಲಿನಂತೆ ಬರುತ್ತದೆ.

ರಿಯಾಯಿತಿಗಳ ನಿಜವಾದ ಬೆಲೆಯನ್ನು ಅಳೆಯಲು ಪಟ್ಟಿಯ ದರ ಮತ್ತು ಕೊಟ್ಟ ಹಣ ಎಂಬ ಎರಡು ಬೇರೆ ಕಂಬಗಳು ಬೇಕೇ ಬೇಕು. 62 ತುಂಬಿದ ಅಮೆರಿಕದ ಪೌರರಿಗೂ ಖಾಯಂ ನಿವಾಸಿಗಳಿಗೂ ಸಿಗುವ, ರಾಷ್ಟ್ರೀಯ ಉದ್ಯಾನ, ಅರಣ್ಯಗಳಲ್ಲಿ ನಡೆಯುವ ಹಿರಿಯರ ಪಾಸು ಆಜೀವ ಅವಧಿಗೆ 80 ಡಾಲರ್. 2017ರ ಆಗಸ್ಟಿನವರೆಗೆ ಅದು ಕೇವಲ 10 ಡಾಲರ್ ಆಗಿತ್ತು ಎಂಬುದನ್ನು ನೆನೆದು ಹೊಟ್ಟೆ ಉರಿದುಕೊಳ್ಳುವವರನ್ನು ಎಲ್ಲ ಕ್ಯಾಂಪ್‌ಗ್ರೌಂಡುಗಳಲ್ಲೂ ಕಂಡಿದ್ದೇನೆ. ಫಾರೆಸ್ಟ್ ಸರ್ವಿಸ್ ಕ್ಯಾಂಪ್‌ಗ್ರೌಂಡಿನಲ್ಲಿ 24 ಡಾಲರಿನ ಜಾಗ ಈ ಪಾಸಿನಿಂದ 12ಕ್ಕೆ ಇಳಿಯುತ್ತದೆ, ಏಳನೆಯ ರಾತ್ರಿಗೆ ಪಾಸಿನ ಹಣ ವಾಪಸಾಗುತ್ತದೆ. ಆದರೆ ಆನ್‌ಲೈನ್ ಕಾದಿರಿಸುವಿಕೆಯ 8 ಡಾಲರಿಗೆ ಈ ರಿಯಾಯಿತಿ ಇಲ್ಲ. ಒಂದೇ ರಾತ್ರಿಗೆ ಕಾದಿರಿಸಿದರೆ 20 ಡಾಲರ್, ನಾಲ್ಕು ರಾತ್ರಿಗೆ ಒಟ್ಟಾಗಿ ಕಾದಿರಿಸಿದರೆ ರಾತ್ರಿಗೆ 14. ಹಾಳೆಯಲ್ಲಿ ಶುಲ್ಕದ ಕಂಬ ಬೇರೆಯಾಗಿ ಇದ್ದುದರಿಂದಲೇ ಇದು ಗೊತ್ತಾಯಿತು. ಆಮೇಲಿಂದ ಒಂದೊಂದು ರಾತ್ರಿಗೆ ಕಾದಿರಿಸುವುದನ್ನು ನಿಲ್ಲಿಸಿದ್ದೇವೆ.

ಎಲ್ಲಕ್ಕಿಂತ ನನಗೆ ಮೆಚ್ಚಿಗೆಯಾದದ್ದು ತಾಳೆ ನೋಡುವ ಸೌಕರ್ಯ. ತಂಗುವಿಕೆಗೆ ಒಂದು ಸಾಲು ಎಂದ ಮೇಲೆ, ವರ್ಷದ ಕೊನೆಗೆ ರಾತ್ರಿಗಳ ಕಂಬ ಕೂಡಿದರೆ 365, ಅಧಿಕ ವರ್ಷವಾದರೆ 366, ಬರಲೇಬೇಕು. ರಸೀದಿಯ ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ಹಿಡಿಯಲು ಇಂಥ ದಾರಿ ಇಲ್ಲ; ಇಲ್ಲದ ರಸೀದಿ ತಾನಿಲ್ಲವೆಂದು ಹೇಳುವುದಿಲ್ಲ. 2023ರ ಕೊನೆಗೆ ನಮ್ಮ ಮೊತ್ತ 363 ಬಂತು. ಇಬ್ಬರೂ ಕುಳಿತು ನೆನಪಿಸಿಕೊಂಡಾಗ, ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ಗಾಳಿಮಳೆಗೆ ಸಿಕ್ಕಿ ಕಳೆದ ಒಂದು ರಾತ್ರಿ, ಪರಿಚಿತರ ಮನೆಯ ಮುಂದೆ ವಾಹನ ನಿಲ್ಲಿಸಿ ಮಲಗಿದ ಒಂದು ರಾತ್ರಿ ಸಿಕ್ಕವು. ಎರಡಕ್ಕೂ ಖರ್ಚು ಸೊನ್ನೆಯಾದರೂ ಭಾಜಕ ಸರಿಯಾಯಿತು. ಇದಕ್ಕೆ ವಿರುದ್ಧವಾದದ್ದೂ ಇದೆ: ಹಣ ಕೊಟ್ಟು ಮಲಗದ ರಾತ್ರಿಗಳು. ಕಾಡ್ಗಿಚ್ಚಿನ ಹೊಗೆ, ಗ್ಯಾರೇಜಿನಲ್ಲಿ ಕಳೆದ ದಿನಗಳು, ಸುಮ್ಮನೆ ಮನಸ್ಸು ಬದಲಾದದ್ದು, ಹೀಗೆ ಆ ವರ್ಷ ಅಂಥವು 11 ಇದ್ದವು. ರದ್ದತಿಯ ಶುಲ್ಕಗಳನ್ನೂ ಸೇರಿಸಿ 214 ಡಾಲರ್. ಅವುಗಳಿಗೆ ರಾತ್ರಿ ಸೊನ್ನೆ ಎಂದು ಹಾಕಿ ಬೇರೆ ಬಣ್ಣ ಕೊಟ್ಟಿದ್ದೇನೆ. ಯಾವ ಆ್ಯಪ್‌ನಲ್ಲೂ ಈ ಬಾಬ್ತು ನಾನು ಕಂಡಿಲ್ಲ.

ಇನ್ನು ತೊಡಕುಗಳು. ಫೋನಿನ ಪುಟ್ಟ ಪರದೆಯಲ್ಲಿ 14 ಕಂಬಗಳ ಹಾಳೆಯನ್ನು ತುಂಬುವುದು ಬೆರಳಿಗೂ ಕಣ್ಣಿಗೂ ಶಿಕ್ಷೆ. ಪೆಟ್ರೋಲ್ ಪಂಪಿನ ಮುಂದೆ ನಿಂತು ತುಂಬಲು ನಾನು ಗೂಗಲ್ ಫಾರ್ಮ್ಸ್‌ನಲ್ಲಿ ಐದು ಪ್ರಶ್ನೆಗಳ ಒಂದು ನಮೂನೆ ಮಾಡಿ ಹಾಳೆಗೆ ಜೋಡಿಸಿದೆ: ಗ್ಯಾಲನ್, ಮೊತ್ತ, ಓಡೋಮೀಟರಿನ ಅಂಕಿ, ದಿನಾಂಕ, ಟಿಪ್ಪಣಿ. ಹೆಂಡತಿಯ ಫೋನಿನಲ್ಲೂ ಅದೇ ನಮೂನೆ ಇದೆ, ಯಾರು ತುಂಬಿದರೂ ಒಂದೇ ಹಾಳೆಗೆ ಬೀಳುತ್ತದೆ. ಆದರೆ ನಮೂನೆಗೆ ಇಂಟರ್ನೆಟ್ ಬೇಕು, ಆರ್‌ವಿಯವರು ಇಷ್ಟಪಡುವ ಜಾಗಗಳಲ್ಲಿ ಅದು ಇರುವುದಿಲ್ಲ. ಹಾಳೆಯನ್ನು ಮೊದಲೇ ಆಫ್‌ಲೈನ್‌ಗೆ ಇಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ತಿದ್ದಬಹುದು, ನೆಟ್‌ವರ್ಕ್ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಆ ಗುಂಡಿಯನ್ನು ನೆಟ್‌ವರ್ಕ್ ಇರುವಾಗಲೇ ಒತ್ತಿರಬೇಕು ಎಂಬುದು ಮಾತ್ರ ನೆನಪಿರಬೇಕು. ನಮೂನೆ ತಾನಾಗಿ ಹಾಕುವ ಸಮಯದ ಮುದ್ರೆಯನ್ನೂ ನಂಬಬಾರದು. ಅದು ಹಾಳೆಗೆ ನಿಗದಿಪಡಿಸಿದ ಕಾಲವಲಯದ ಪ್ರಕಾರ ಬೀಳುತ್ತದೆ, ನೀವಿರುವ ಊರಿನ ಪ್ರಕಾರವಲ್ಲ. ಪಶ್ಚಿಮದ ಊರಿನಲ್ಲಿ ರಾತ್ರಿ 10 ಗಂಟೆಗೆ ತುಂಬಿದ್ದು ಪೂರ್ವದ ಕಾಲವಲಯವಿರುವ ಹಾಳೆಯಲ್ಲಿ ಮರುದಿನದ ಖಾತೆಗೆ ಹೋಗಿ ಕೂರುತ್ತದೆ. ಆದ್ದರಿಂದಲೇ ದಿನಾಂಕವನ್ನು ಬೇರೆ ಪ್ರಶ್ನೆಯಾಗಿ ಇಟ್ಟದ್ದು.

ಕ್ಯಾಂಪಿನ ಜಾಗದ ಸಂಖ್ಯೆ ಬರೆಯುವಾಗಲೂ ಎಚ್ಚರ ಬೇಕು. ಮೂರನೆಯ ಸಾಲಿನ ಹನ್ನೆರಡನೆಯ ಜಾಗ ಎಂಬರ್ಥದಲ್ಲಿ 3-12 ಎಂದು ಬರೆದರೆ ಶೀಟ್ಸ್ ಅದನ್ನು ಅಮೆರಿಕದ ಪದ್ಧತಿಯಂತೆ ಮಾರ್ಚ್ 12 ಎಂದು ತಿಳಿದು ದಿನಾಂಕವಾಗಿ ಬದಲಿಸಿಬಿಡುತ್ತದೆ. ಆ ಕಂಬವನ್ನು ಮೊದಲೇ ಸರಳ ಪಠ್ಯ ಎಂದು ಗುರುತಿಸಿಟ್ಟರೆ ಈ ಅತಿಬುದ್ಧಿ ನಿಲ್ಲುತ್ತದೆ. ಸಾಲುಗಳನ್ನು ವಿಂಗಡಿಸುವಾಗ ನಾನೇ ಮಾಡಿಕೊಂಡ ಅನಾಹುತ ಇದಕ್ಕಿಂತ ದೊಡ್ಡದು. ಇಡೀ ಹಾಳೆಯ ಬದಲು ಮೊತ್ತದ ಕಂಬವೊಂದನ್ನೇ ಆಯ್ದು ವಿಂಗಡಿಸಿದೆ. ಒಬ್ಬರ ಟೋಪಿ ಇನ್ನೊಬ್ಬರ ತಲೆಗೆ ಎಂಬಂತೆ ಮರುಭೂಮಿಯ ಬಯಲಿಗೆ ಖಾಸಗಿ ಪಾರ್ಕಿನ ದರ ಬಂದು ಕುಳಿತಿತ್ತು. ಒಟ್ಟು ಮೊತ್ತ ಮೊದಲಿನಷ್ಟೇ ಇದ್ದುದರಿಂದ ಮೂರು ವಾರ ನನ್ನ ಗಮನಕ್ಕೇ ಬರಲಿಲ್ಲ. ಆವೃತ್ತಿಗಳ ಇತಿಹಾಸ ಎಂಬ ಸೌಲಭ್ಯದಲ್ಲಿ ಆ ದಿನದ ಹಿಂದಿನ ರೂಪಕ್ಕೆ ಮರಳಿ, ನಡುವಿನ ನಮೂದುಗಳನ್ನು ಕೈಯಾರೆ ಮತ್ತೆ ಸೇರಿಸಿದೆ. ಕಾಗದದ ಪುಸ್ತಕವಾಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ, ನಿಜ. ಬೇರೆ ತಪ್ಪು ಆಗಿದ್ದರೆ ಹಿಂದಕ್ಕೆ ಹೋಗಲು ದಾರಿಯೂ ಇರುತ್ತಿರಲಿಲ್ಲ.

ರಸೀದಿಗಳ ಬಗ್ಗೆ ಒಂದು ಮಾತು. ಪಂಪುಗಳಲ್ಲಿ ಕೊಡುವ ಶಾಖಮುದ್ರಿತ ಕಾಗದ ವಾಹನದ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಕೆಲವೇ ವಾರಗಳಲ್ಲಿ ಖಾಲಿ ಹಾಳೆಯಾಗುತ್ತದೆ. ಅದೇ ದಿನ ಚಿತ್ರ ತೆಗೆದು ಗೂಗಲ್ ಡ್ರೈವ್‌ಗೆ ಹಾಕಬೇಕು. ಬಿಟ್ಟಿಯಾಗಿ ಸಿಗುವ 15 ಜಿಬಿ ಜಾಗ ಇಮೇಲ್, ಚಿತ್ರ, ಕಡತ ಎಲ್ಲಕ್ಕೂ ಹಂಚಿಕೊಂಡದ್ದಾದ್ದರಿಂದ ಚಿತ್ರಗಳನ್ನು ಕುಗ್ಗಿಸಿ ಇಡುವುದು ಒಳ್ಳೆಯದು. ಕೆಲವು ರಸೀದಿಗಳ ಕಾಗದವನ್ನೂ ಉಳಿಸಿಕೊಳ್ಳಬೇಕು. ಖಾಯಂ ಮನೆಯಿಲ್ಲದ ಆರ್‌ವಿ ವಾಸಿಗಳಲ್ಲಿ ಬಹಳ ಮಂದಿ ವಿಳಾಸಕ್ಕಾಗಿ ಟೆಕ್ಸಾಸ್, ಫ್ಲಾರಿಡಾ, ಸೌತ್ ಡಕೋಟಾ ರಾಜ್ಯಗಳನ್ನು ಆರಿಸಿಕೊಳ್ಳುತ್ತಾರೆ, ಮೂರರಲ್ಲೂ ರಾಜ್ಯದ ಆದಾಯ ತೆರಿಗೆಯಿಲ್ಲ. ಸೌತ್ ಡಕೋಟಾದಲ್ಲಿ ಚಾಲನಾ ಪರವಾನಗಿಗೆ ಹೋದಾಗ ಆ ರಾಜ್ಯದಲ್ಲಿ ಒಂದು ರಾತ್ರಿಯಾದರೂ ತಂಗಿದ ರಸೀದಿಯನ್ನು ಕೇಳುತ್ತಾರೆ.

ವಾರಾಂತ್ಯಕ್ಕೆ ಮಾತ್ರ ಆರ್‌ವಿ ತೆಗೆಯುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಅವರಿಗೆ ಬ್ಯಾಂಕಿನ ತಿಂಗಳ ಪಟ್ಟಿಯೇ ಸಾಕು. ಸೂತ್ರಗಳನ್ನು ಕಂಡರೆ ದೂರ ಸರಿಯುವವರು ಕೂಡುವ, ಭಾಗಿಸುವ ಎರಡು ಕ್ರಿಯೆಗಳಲ್ಲೇ ನಿಂತರೂ ರಾತ್ರಿಗಿಷ್ಟು ಎಂಬ ಅಂಕಿ ದೊರೆಯುತ್ತದೆ. ಬಾಬ್ತುವಾರು ಮೊತ್ತಕ್ಕೆ ನಾನು ಬಳಸುವ ಸಮ್‌ಇಫ್ಸ್, ಪಿವಟ್ ಟೇಬಲ್ ಇವೆಲ್ಲ ಆಮೇಲಿನ ಮಾತು. ಪ್ರೊಪೇನ್ ಅನಿಲ, ಕೊಳಚೆ ಟ್ಯಾಂಕು ಖಾಲಿ ಮಾಡುವ ಡಂಪ್ ಸ್ಟೇಷನ್, ಬಟ್ಟೆ ಒಗೆಯುವ ನಾಣ್ಯ ಇಂಥ ಚಿಲ್ಲರೆಗಳನ್ನು ನಾನು ತಂಗುವಿಕೆಗೆ ಹಂಚಲು ಹೋಗದೆ ತಿಂಗಳಿಗೊಂದು ಸಾಲಿನಲ್ಲಿ ಒಟ್ಟಾಗಿ ಬರೆಯುತ್ತೇನೆ. ಒಂದು ಸಿಲಿಂಡರ್ ಅನಿಲ ಯಾವ ಊರಿನಲ್ಲಿ ಎಷ್ಟು ಉರಿಯಿತೆಂದು ಹುಡುಕುವಷ್ಟು ವ್ಯವಧಾನ ನನಗಿಲ್ಲ.

ವರ್ಷದ ನಡುವೆ ಆರಂಭಿಸುವವರು ಹಿಂದಿನ ತಿಂಗಳುಗಳನ್ನು ನೆನಪಿನಿಂದ ಕಟ್ಟಲು ಹೋಗದಿರುವುದು ಲೇಸು. ನಾನು ಹಾಗೆ ಕಟ್ಟಿದ 2022ರ ಸಾಲುಗಳಲ್ಲಿ ಮೈಲಿ ಮತ್ತು ಗ್ಯಾಲನ್ ಇಂದಿಗೂ ಪರಸ್ಪರ ಹೊಂದದ ಆರು ಸಾಲುಗಳಿವೆ, ಅವನ್ನು ಹಳದಿ ಬಣ್ಣ ಬಳಿದು ಹಾಗೆಯೇ ಬಿಟ್ಟಿದ್ದೇನೆ. ಇಂದಿನ ಓಡೋಮೀಟರಿನ ಅಂಕಿ, ಟ್ಯಾಂಕನ್ನು ಭರ್ತಿ ತುಂಬಿಸಿದ ಒಂದು ರಸೀದಿ, ಇಂದು ರಾತ್ರಿ ಮಲಗುವ ಜಾಗದ ಹೆಸರು ಈ ಮೂರು ಇದ್ದರೆ ಮೊದಲ ಸಾಲು ತಯಾರು.